ಕನ್ಸೋಲಿನ ಎರಡು ತಂತಿಗಳಿಗೆ ಸಭಾಂಗಣ ಸಿಗುವುದಿಲ್ಲ

ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿರುವ ತೆರೆದ ರಂಗಮಂದಿರಕ್ಕೆ ಈಗ ಬೇರೆ ಹೆಸರು. ಅದು ಇನ್ನೂ ಗಾರ್ಡನ್ ಸ್ಟೇಟ್ ಆರ್ಟ್ಸ್ ಸೆಂಟರ್ ಆಗಿದ್ದ 1977ರ ಸೆಪ್ಟೆಂಬರಿನಲ್ಲಿ ಅಮೆರಿಕದ ರಾಕ್ ಗಾಯಕ ಜಾಕ್ಸನ್ ಬ್ರೌನ್ ಅಲ್ಲಿ ಹಾಡಿದ್ದರಲ್ಲಿ ಒಂದು ಪಾಲು, ಪ್ರವಾಸದಲ್ಲೇ ಮುದ್ರಿಸಿಕೊಂಡ 'ರನ್ನಿಂಗ್ ಆನ್ ಎಂಪ್ಟಿ' ಆಲ್ಬಮ್ಮಿಗೆ ಸೇರಿತು. ಈ ಸೀಮೆಯ ಕನ್ನಡ ಕೂಟಗಳೂ ರಾಜ್ಯೋತ್ಸವಕ್ಕೆ, ಬೇಸಿಗೆಯ ವಾರಾಂತ್ಯಗಳಿಗೆ ಊರಿನಿಂದ ಗಾಯಕರನ್ನು ಕರೆಸುತ್ತವೆ. ಅವರೂ ಊರೂರು ತಿರುಗುತ್ತಾರೆ, ಚೆನ್ನಾಗಿಯೂ ಹಾಡುತ್ತಾರೆ. ಆದರೆ ಆ ಪ್ರವಾಸದಿಂದ ಕೇಳುವಂಥ ಒಂದು ಆಲ್ಬಮ್ ಉಳಿಯುವುದಿಲ್ಲ. ವಿಮಾನದ ಟಿಕೆಟ್ಟು, ಹಾಲ್, ಊಟ ಎಲ್ಲಕ್ಕೂ ಬಜೆಟ್ಟಿನಲ್ಲಿ ಜಾಗವಿರುತ್ತದೆ. ಧ್ವನಿಮುದ್ರಣ ಮಾತ್ರ ಕೊನೇ ಗಳಿಗೆಯಲ್ಲಿ, ಹಾಲಿನ ಸೌಂಡ್ ಹೊಂದಿಸುವ ಕನ್ಸೋಲಿನ ಹಿಂದೆ ಸಿಕ್ಕಿಸಿದ ಎರಡು ತಂತಿಗಳ ಪಾಲಿಗೆ ಬೀಳುತ್ತದೆ.

ಆ ಎರಡು ತಂತಿಗಳಲ್ಲಿ ಬರುವುದು ಸಭಾಂಗಣದಲ್ಲಿ ಕೇಳಿಸಿದ ಸಂಗೀತವಲ್ಲ, ಸಭಾಂಗಣಕ್ಕೆ ಕಡಿಮೆ ಬಿದ್ದದ್ದನ್ನು ತುಂಬಿಕೊಟ್ಟ ಧ್ವನಿ. ಐನೂರು ಜನ ಹಿಡಿಸುವ ಹೈಸ್ಕೂಲ್ ಆಡಿಟೋರಿಯಮ್ಮಿನಲ್ಲಿ ಡ್ರಮ್ಸು, ಗಿಟಾರ್ ಆಂಪ್ಲಿಫೈಯರು ತಾವಾಗಿಯೇ ಹಿಂದಿನ ಸಾಲಿನವರೆಗೆ ಕೇಳುತ್ತವೆ. ಹಾಗಾಗಿ ಸೌಂಡ್ ಎಂಜಿನಿಯರ್ ಸ್ಪೀಕರಿಗೆ ಅವನ್ನು ಕಳಿಸುವುದೇ ಇಲ್ಲ, ಹಾಡುವ ದನಿಯನ್ನು ಏರಿಸುತ್ತಾನೆ. ಕೂತು ಕೇಳಿದವರಿಗೆ ಎಲ್ಲವೂ ಸರಿಯಾಗಿಯೇ ಇತ್ತು. ಮನೆಗೆ ತಂದ ಫೈಲಿನಲ್ಲಿ ಮಾತ್ರ ದನಿ ಕಿವಿಗೆ ಬಡಿಯುತ್ತದೆ, ಡ್ರಮ್ಸು ಪಕ್ಕದ ಮನೆಯಲ್ಲಿ ಬಾರಿಸಿದಂತಿರುತ್ತದೆ, ಜನರ ಸುಳಿವೇ ಇಲ್ಲ. 'ಒನ್ಸ್ ಮೋರ್' ಎಂದು ಹಾಲ್ ಕೂಗಿದ್ದು ಗಾಯಕರ ಮೈಕಿನೊಳಗೆ ಎಲ್ಲೋ ದೂರದ ಗೊಣಗಾಟದಂತೆ ಕೇಳಿಸುತ್ತದೆ.

ಕರ್ನಾಟಕ ಸಂಗೀತದ ಕಛೇರಿಗೆ ಇದೇ ವಿಧಾನ ಹೆಚ್ಚು ಕಡಿಮೆ ಸಾಕಾಗುತ್ತದೆ ಎಂಬುದನ್ನೂ ಹೇಳಬೇಕು. ಅಲ್ಲಿ ಇರುವುದು ನಾಲ್ಕೈದು ಮೈಕು. ಗಾಯನ, ಪಿಟೀಲು, ಮೃದಂಗ, ತಂಬೂರಿ ಎಲ್ಲವೂ ಅವುಗಳ ಮೂಲಕವೇ ಹಾಲಿಗೆ ಹೋಗುತ್ತವೆ. ಆ ಅನುಭವವನ್ನೇ ರಸಮಂಜರಿಗೂ, ರಘು ದೀಕ್ಷಿತ್ ತಂಡದ ಹಾಗೆ ಬೇಸ್, ಡ್ರಮ್ಸ್ ಇಟ್ಟುಕೊಂಡು ಷರೀಫರ ಪದ ಹಾಡುವವರಿಗೂ ಅನ್ವಯಿಸಿದ್ದರಿಂದಲೇ ಕೆಟ್ಟಿತು.

ರಾಕ್‌ನವರ ದಾರಿ ಬೇರೆ. ವೇದಿಕೆಯ ಪ್ರತಿ ಮೈಕಿನ ತಂತಿಯನ್ನೂ ಮೊದಲೇ ಕವಲು ಮಾಡಿ ಒಂದನ್ನು ಹಾಲಿನ ಕನ್ಸೋಲಿಗೆ, ಇನ್ನೊಂದನ್ನು ಹೊರಗೆ ನಿಂತ ರೆಕಾರ್ಡಿಂಗ್ ಲಾರಿಗೆ ಕೊಡುತ್ತಿದ್ದರು. 2,500 ಅಡಿಯ ಟೇಪು ಸೆಕೆಂಡಿಗೆ 15 ಇಂಚಿನಂತೆ ಓಡಿದರೆ 33 ನಿಮಿಷ, 30 ಇಂಚಾದರೆ ಅದರ ಅರ್ಧ. ಒಂದು ಮುಗಿಯುವ ಮುನ್ನ ಇನ್ನೊಂದನ್ನು ಓಡಿಸಲೆಂದೇ ಎರಡು ಯಂತ್ರ ಬೇಕಾಗುತ್ತಿದ್ದವು.

ಇವತ್ತು ಲಾರಿ ಬೇಡ. ಎಕ್ಸ್32 ಥರದ ಡಿಜಿಟಲ್ ಕನ್ಸೋಲಿದ್ದರೆ ಒಂದು ಯುಎಸ್‌ಬಿ ತಂತಿಯಲ್ಲಿ 32 ಚಾನೆಲ್ಲುಗಳೂ ಬೇರೆ ಬೇರೆಯಾಗಿ ಲ್ಯಾಪ್‌ಟಾಪಿಗೆ ಬರುತ್ತವೆ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಗಂಟೆಗೆ ಸುಮಾರು 16.6 ಗಿಗಾಬೈಟ್, ಮೂರು ಗಂಟೆಯ ಕಾರ್ಯಕ್ರಮಕ್ಕೆ 50 ಗಿಗಾಬೈಟ್ ಎಂದಿಟ್ಟುಕೊಳ್ಳಿ. ಹಾಲಿನ ಸದ್ದನ್ನು ಏರಿಳಿಸುವ ಫೇಡರಿಗಿಂತ ಮೊದಲೇ ಸಿಗ್ನಲ್ ತೆಗೆದುಕೊಳ್ಳಿ, ಜೋರಾದ ಹಾಡಿನಲ್ಲೂ ಮೈನಸ್ 12 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಿ. ಇಲ್ಲಿ ಎಡವುವುದು ಒಂದೇ ಕಡೆ: ಗೇನ್, ಅಂದರೆ ಮೈಕಿನ ಸಿಗ್ನಲನ್ನು ಮೊಟ್ಟಮೊದಲು ಹಿಗ್ಗಿಸುವ ಗುಂಡಿ, ಹಾಲಿಗೂ ರೆಕಾರ್ಡಿಂಗಿಗೂ ಒಂದೇ. ಹಾಡಿನ ನಡುವೆ ಸೌಂಡಿನವನು ಅದನ್ನು ತಿರುಗಿಸಿದರೆ ರೆಕಾರ್ಡಿಂಗಿನಲ್ಲೂ ದನಿ ಜಿಗಿಯುತ್ತದೆ. ಸೌಂಡ್ ಚೆಕ್ ಆದ ಮೇಲೆ ಗೇನ್ ಮುಟ್ಟಬೇಡಿ, ಬೇಕಾದರೆ ಫೇಡರನ್ನೇ ಬಳಸಿ ಎಂದು ಅವರ ಬಳಿ ಮೊದಲೇ ಮಾತಾಡಿಕೊಳ್ಳಬೇಕು.

ಪ್ರವಾಸವೆಂದರೆ ಒಂದೊಂದು ಊರಿಗೆ ಒಂದೊಂದು ಬಾಡಿಗೆ ಸೆಟ್ಟು. ಆಗ ಮೈಕಿನ ತಂತಿಗಳನ್ನು ಕವಲು ಮಾಡುವ, ಟ್ರಾನ್ಸ್‌ಫಾರ್ಮರ್ ಇರುವ ಸ್ಪ್ಲಿಟರ್ ಪೆಟ್ಟಿಗೆಯನ್ನು ಜೊತೆಗೇ ಒಯ್ಯುವುದು ವಾಸಿ. ಎರಡು ಕಡೆಯ ವಿದ್ಯುತ್ ಬೇರೆಯಾದಾಗ ಬರುವ ಗುಂಯ್ ಸದ್ದನ್ನು ಅದು ತಡೆಯುತ್ತದೆ. ಕಂಡೆನ್ಸರ್ ಮೈಕುಗಳಿಗೆ ಬೇಕಾದ 48 ವೋಲ್ಟ್, ಟ್ರಾನ್ಸ್‌ಫಾರ್ಮರ್ ಅಡ್ಡ ಬರದ ನೇರ ಜೋಡಣೆಯ ಕಡೆಯಿಂದ ಮಾತ್ರ ಹೋಗುತ್ತದೆ. ಸಾಮಾನ್ಯವಾಗಿ ಅದು ಹಾಲಿನ ಕನ್ಸೋಲು. ಇದು ಗೊತ್ತಿಲ್ಲದೆ ಮೈಕೇ ಕೆಟ್ಟಿದೆ ಎಂದು ಬದಲಾಯಿಸುತ್ತಾ ಕೂತರೆ ಅರ್ಧ ಗಂಟೆ ಹೋಗುತ್ತದೆ.

ಇಷ್ಟೆಲ್ಲ ಮಾಡಿಯೂ ಜನರಿಗೆ ಮೈಕ್ ಇಡದಿದ್ದರೆ ಬರುವುದು ಸ್ಟುಡಿಯೋದ ಕಳಪೆ ನಕಲು. ನನಗೆ ಅತಿ ಮುಖ್ಯವೆನಿಸುವುದು ಇದೇ. ಸಿ. ಅಶ್ವತ್ಥ್ 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ನಡೆಸಿದಾಗ ಹಾಡಿದ್ದು ವೇದಿಕೆಯೊಂದೇ ಅಲ್ಲ. ಪಲ್ಲವಿಯನ್ನು ಜನಕ್ಕೆ ಬಿಟ್ಟುಕೊಡುವುದು ನಮ್ಮ ಸುಗಮ ಸಂಗೀತದ ಜೀವ. ವೇದಿಕೆಯ ಎಡ ಬಲ ಅಂಚುಗಳಲ್ಲಿ, ಸ್ಪೀಕರುಗಳಿಗೆ ಬೆನ್ನು ಮಾಡಿ, ಜನರ ಕಡೆ ತಿರುಗಿಸಿದ ಎರಡು ಕಾರ್ಡಿಯಾಯ್ಡ್ (ಮುಂದಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ) ಮೈಕುಗಳು ಸಾಕು. ಇನ್ನೊಂದು ಜೋಡಿ ಹಿಂದೆ ಕನ್ಸೋಲಿನ ಬಳಿ ಇಟ್ಟರೆ ಹಾಲಿನ ಗಾತ್ರ ಸಿಗುತ್ತದೆ. ಆದರೆ ಶಬ್ದ ಒಂದು ಮೀಟರ್ ಸಾಗಲು ಸುಮಾರು 2.9 ಮಿಲಿಸೆಕೆಂಡ್ ಬೇಕು, 20 ಮೀಟರಿಗೆ 58. ಮಿಕ್ಸ್ ಮಾಡುವಾಗ ಆ ಜೋಡಿಯ ಸದ್ದು ಅಷ್ಟು ಬೇಗ ಬರುವಂತೆ ಸರಿಸದಿದ್ದರೆ ತಬಲಾದ ಒಂದೊಂದು ಪೆಟ್ಟೂ ಎರಡೆರಡಾಗಿ ಕೇಳುತ್ತದೆ.

ತಪ್ಪು ತಿದ್ದುವ ವಿಷಯದಲ್ಲಿ ರಾಕ್‌ನವರಲ್ಲೇ ಎರಡು ಪಂಗಡ. ಡೀಪ್ ಪರ್ಪಲ್ 1972ರ ಆಗಸ್ಟಿನಲ್ಲಿ ಒಸಾಕಾದಲ್ಲಿ ಎರಡು, ಟೋಕಿಯೋದಲ್ಲಿ ಒಂದು ರಾತ್ರಿ ನುಡಿಸಿದ್ದರಲ್ಲಿ ಒಳ್ಳೆಯದನ್ನು ಆರಿಸಿ 'ಮೇಡ್ ಇನ್ ಜಪಾನ್' ಮಾಡಿತು. ಥಿನ್ ಲಿಜ್ಜಿಯ 1978ರ 'ಲೈವ್ ಅಂಡ್ ಡೇಂಜರಸ್'ನಲ್ಲಿ ಎಷ್ಟು ಭಾಗ ಆಮೇಲೆ ಸ್ಟುಡಿಯೋದಲ್ಲಿ ಹಾಡಿ ಸೇರಿಸಿದ್ದು ಎಂಬ ಬಗ್ಗೆ ನಿರ್ಮಾಪಕರೂ ತಂಡದವರೂ ಬೇರೆ ಬೇರೆ ಮಾತು ಹೇಳಿದ್ದಾರೆ. ನನ್ನ ಒಲವು ಮೊದಲನೆಯದರ ಕಡೆಗೆ, ಅದಕ್ಕೆ ತಾಂತ್ರಿಕ ಕಾರಣವೂ ಇದೆ. ವೇದಿಕೆಯಲ್ಲಿ ಹಾಡಿದ ಸಾಲು ಡ್ರಮ್ಸಿನ ಮೈಕುಗಳಿಗೂ ಸೋರಿರುತ್ತದೆ. ಹೊಸ ದನಿ ಹಾಕಿದರೂ ಹಳೆಯ ಅಪಸ್ವರ ಹಿಂದಿನಿಂದ ಇಣುಕುತ್ತದೆ. ಎಂಟು ಊರುಗಳಲ್ಲಿ ಅದೇ ಹಾಡು ಹಾಡಿದ್ದರೆ ಚೆನ್ನಾಗಿ ಬಂದ ಊರಿನದನ್ನು ಇಡಿಯಾಗಿ ತೆಗೆದುಕೊಳ್ಳಿ. ಎರಡು ಊರಿನ ಚರಣಗಳನ್ನು ಹೊಲಿಯಲು ಹೋದರೆ ಲಯ ಕೂಡುವುದಿಲ್ಲ.

ಬ್ರೌನ್ ಹಿಡಿದ ದಾರಿ ಇವೆರಡಕ್ಕೂ ಹೊರತು. 1977ರ ಡಿಸೆಂಬರಿನಲ್ಲಿ ಬಂದ 'ರನ್ನಿಂಗ್ ಆನ್ ಎಂಪ್ಟಿ'ಯಲ್ಲಿ ಅವರ ಹಿಂದಿನ ಆಲ್ಬಮ್ಮುಗಳ ಒಂದು ಹಾಡೂ ಇಲ್ಲ. ವೇದಿಕೆಯಲ್ಲಿ ಹಾಡಿದ್ದರ ಜೊತೆಗೆ ಹೋಟೆಲ್ ಕೋಣೆಗಳಲ್ಲಿ, ಸರಾಟೋಗದ ಒಂದು ತಾಲೀಮು ಕೋಣೆಯಲ್ಲಿ, ಓಡುವ ಬಸ್ಸಿನಲ್ಲಿ ಹಾಡಿದ್ದೂ ಇವೆ. ಬಸ್ಸಿನಲ್ಲಿ ಡ್ರಮ್ಮರ್ ರಸ್ ಕುಂಕಲ್ ಬಾಸ್ ಡ್ರಮ್ಮಿನ ಬದಲು ರಟ್ಟಿನ ಪೆಟ್ಟಿಗೆಯನ್ನೇ ಪೆಡಲಿನಿಂದ ಬಾರಿಸಿದರು. ಎಂಜಿನ್ನಿನ ಸದ್ದನ್ನು ಅಳಿಸಲಿಲ್ಲ. 'ದ ರೋಡ್' ಹಾಡು ಹೋಟೆಲ್ ಕೋಣೆಯಲ್ಲಿ ಮೆಲ್ಲಗೆ ಶುರುವಾಗಿ, ನಡುವೆ ಹೋಮ್‌ಡೆಲ್ ವೇದಿಕೆಗೆ ದಾಟಿ, ಜನರ ನಡುವೆ ಮುಗಿಯುತ್ತದೆ. ಅಲ್ಲಿ ಹೊಲಿಗೆ ಮುಚ್ಚಿಟ್ಟ ಗುಟ್ಟಲ್ಲ, ಅದೇ ಹಾಡಿನ ಅರ್ಥ.

ನಮ್ಮವರಿಗೆ ಇದು ಸುಲಭ. ಕಾರ್ಯಕ್ರಮದ ಹಿಂದಿನ ರಾತ್ರಿ ಗಾಯಕರು ಯಾರದೋ ಮನೆಯ ಬೇಸ್‌ಮೆಂಟಿನಲ್ಲಿ ಸ್ಥಳೀಯ ತಬಲಾದವರ ಜೊತೆ ಹಾರ್ಮೋನಿಯಂ ಹಿಡಿದು ಕೂರುತ್ತಾರೆ. ಎಷ್ಟೋ ಸಲ ಮರುದಿನಕ್ಕಿಂತ ಚೆನ್ನಾಗಿ ಹಾಡುವುದು ಅಲ್ಲೇ. ಎರಡು ಮೈಕು, ಒಂದು ಚಿಕ್ಕ ರೆಕಾರ್ಡರ್ ಸಾಕು. ಫ್ರಿಜ್ಜು, ಹೀಟರು ಆರಿಸಿ, ನೆಲಕ್ಕೆ ಜಮಖಾನ ಹಾಸಿ, ಮೈಕುಗಳನ್ನು ಗಾಯಕರಿಂದ ಮೂರಡಿಯಾಚೆ, ತಬಲಾದಿಂದ ಅದಕ್ಕಿಂತ ದೂರ ಇಡಿ. ನುಡಿಸುವವರ ಒಪ್ಪಿಗೆ, ಕವಿಯ ಮತ್ತು ಸಂಯೋಜಕರ ಹಕ್ಕಿನ ಪತ್ರ ಮೊದಲೇ ಕೈಯಲ್ಲಿರಲಿ.

ಪ್ರತಿ ಊರಿನ ಫೈಲುಗಳ ಜೊತೆ ಚಾನೆಲ್ ಪಟ್ಟಿಯನ್ನೂ ಬರೆದಿಡಿ: ಯಾವ ಮೈಕು, ಯಾರು ನುಡಿಸಿದರು, ಸೌಂಡ್ ನೋಡಿಕೊಂಡವರು ಯಾರು. ಕನ್ಸೋಲಿನ ಮುಂದೆ ಅಂಟಿಸಿದ ಟೇಪಿನ ಒಂದು ಫೋಟೋ ತೆಗೆದರೂ ಆದೀತು. ಊರಿಂದೂರಿಗೆ ವಾದ್ಯದವರು ಬದಲಾಗುವ ನಮ್ಮ ಪ್ರವಾಸಗಳಲ್ಲಿ, ಆರು ತಿಂಗಳು ಕಳೆದ ಮೇಲೆ 17ನೇ ಚಾನೆಲ್ಲಿನ ಕೊಳಲು ಯಾರದೆಂದು ಹೇಳಲು ಅದೊಂದೇ ಆಧಾರ.