ಮೇಲಿನ ಮನೆಯವರ ಕುರ್ಚಿ
"ಸೌಂಡ್ ಪ್ರೂಫ್ ಮಾಡಿಸಿಬಿಡಿ ಸಾರ್" ಅಂತ ಅಂಗಡಿಯವರು ಸಲೀಸಾಗಿ ಹೇಳುತ್ತಾರೆ. ಆಮೇಲೆ ಮೊಟ್ಟೆ ಟ್ರೇ ತರಹದ ಫೋಮ್ ತೋರಿಸುತ್ತಾರೆ. ಅದು ಕೋಣೆಯೊಳಗಿನ ಪ್ರತಿಧ್ವನಿ ತಗ್ಗಿಸುತ್ತದೆ ಅಷ್ಟೇ, ಪಕ್ಕದವರ ಟಿವಿ ಸದ್ದು ತಡೆಯೋಕೆ ಗೋಡೆಗೆ ಭಾರ ಬೇಕು, ಸಂದಿಗಳೆಲ್ಲ ಮುಚ್ಚಿರಬೇಕು. ಕಿಟಕಿ ಸಂದಿಗೆ ರಬ್ಬರ್ ಪಟ್ಟಿ ಹಾಕಿದರೆ ಬೀದಿ ಗಲಾಟೆ ಸ್ವಲ್ಪ ಕಮ್ಮಿಯಾಗುತ್ತದೆ, ಅದು ನಿಜ.

ಆದರೆ ಮೇಲಿನ ಮನೆಯವರನ್ನು ಏನು ಮಾಡುವುದು? ರಾತ್ರಿ ಹನ್ನೊಂದಕ್ಕೆ ಕುರ್ಚಿ ಎಳೆಯುತ್ತಾರೆ, ಗರ್ರ್ ಅಂತ, ಈ ಗೋಡೆಯಿಂದ ಆ ಗೋಡೆಗೆ. ಆಮೇಲೆ ಒಂದು ಸ್ಟೀಲ್ ಲೋಟ ಬೀಳುತ್ತದೆ, ಅದು ಉರುಳಿ ಉರುಳಿ ನಿಲ್ಲುವ ತನಕ ನಾನು ಕಣ್ಣು ಬಿಟ್ಟುಕೊಂಡು ಕಾಯಬೇಕು. ಈ ಸದ್ದು ಸ್ಲ್ಯಾಬ್‌ನಿಂದ ಗೋಡೆಗೂ ಇಳಿಯುತ್ತದೆ, ಹಾಗಾಗಿ ಕೆಳಗೆ ನಾವು ಸಾಲ ಮಾಡಿ ಫಾಲ್ಸ್ ಸೀಲಿಂಗ್ ಹಾಕಿಸಿದರೂ ಪೂರ್ತಿ ನಿಲ್ಲುವುದಿಲ್ಲ. ಅವರೇ ಕುರ್ಚಿ ಕಾಲಿಗೆ ರಬ್ಬರ್ ಬುಷ್ ಹಾಕಿ, ಒಂದು ಜಮಖಾನ ಹಾಸಿದರೆ ಅರ್ಧ ರಗಳೆ ಮುಗಿಯಿತು, ಅಲ್ವಾ?

2000ದ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್ ಮಿತಿ ಇದೆ. ಇದನ್ನು ಹೇಳಿದರೆ "ಏನ್ ಮಾಡೋದು, ಮಕ್ಕಳಿರೋ ಮನೆ" ಅನ್ನುತ್ತಾರೆ. ಅವರ ಮಕ್ಕಳಿಬ್ಬರೂ ಹಾಸ್ಟೆಲ್‌ನಲ್ಲಿದ್ದಾರೆ ಕಣ್ರೀ!