ಹಾಸಿಗೆ ಒದ್ದೆ ಮಾಡುವ ಮಗು ಕೊಲೆಗಾರನಾಗುತ್ತಾ?

"ಹಾಸಿಗೆ ಒದ್ದೆ ಮಾಡೋದು, ಬೆಂಕಿ ಹಚ್ಚೋದು, ಪ್ರಾಣಿಗಳನ್ನ ಹಿಂಸಿಸೋದು. ಈ ಮೂರೂ ಇದ್ರೆ ನಿಮ್ಮ ಮಗು ಮುಂದೆ ಸೀರಿಯಲ್ ಕಿಲ್ಲರ್." ಮಂಡ್ಯ, ಮೈಸೂರಿನ ಪೋಷಕರ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುವ ಈ ಮಾತು ಸುಳ್ಳು.

ಇದರ ಬೇರು ಇರುವುದು 1963ರಲ್ಲಿ. ಅಮೆರಿಕದ ಮನೋವೈದ್ಯ ಜಾನ್ ಮ್ಯಾಕ್‌ಡೊನಾಲ್ಡ್ 100 ರೋಗಿಗಳ ಬಗ್ಗೆ ಬರೆದರು. ಅವರು ಕೊಲೆ ಬೆದರಿಕೆ ಹಾಕಿದ್ದವರು, ಸರಣಿ ಕೊಲೆ ಮಾಡಿದವರಲ್ಲ. ತೀರಾ ಕ್ರೂರಿಗಳೆನಿಸಿದ ಕೆಲವರ ಬಾಲ್ಯದಲ್ಲಿ ಈ ಮೂರು ಕಂಡವು, ಅಷ್ಟೆ. ಮುಂದೆ ಮ್ಯಾಕ್‌ಡೊನಾಲ್ಡ್ ಅವರೇ ಪರೀಕ್ಷಿಸಿದಾಗ ಗಟ್ಟಿ ನಂಟು ಸಿಗಲಿಲ್ಲ.

ಹಾಸಿಗೆ ಒದ್ದೆಯಾಗುವುದಂತೂ ಮಾಮೂಲಿ. ಐದು ವರ್ಷದ ನೂರು ಮಕ್ಕಳಲ್ಲಿ ಸುಮಾರು 15 ಮಕ್ಕಳಿಗೆ ಹೀಗಾಗುತ್ತದೆ. ಗಾಢ ನಿದ್ದೆ, ಮಲಬದ್ಧತೆ, ಅಪ್ಪನಿಗೋ ಅಮ್ಮನಿಗೋ ಚಿಕ್ಕಂದಿನಲ್ಲಿ ಇದ್ದದ್ದು, ಹೀಗೆ ಕಾರಣ ಹಲವು. ತಾರಸಿ ಮೇಲೆ ಬೆಡ್‌ಶೀಟ್ ಒಣಗಹಾಕುವಾಗ ಪಕ್ಕದ ಮನೆಯವರ ಮುಂದೆಯೇ ಮಗುವಿಗೆ ಬೈಗುಳ ಬೀಳುತ್ತದೆ. ಅದರ ಮೇಲೆ ಈ ಮೆಸೇಜೂ ಬೇಕಾ? ನಂಗೆ ತುಂಬಾ ಸಂಕಟವಾಗುತ್ತದೆ.

ನಾಯಿಮರಿಗೆ ಬೇಕಂತಲೇ ಮತ್ತೆ ಮತ್ತೆ ನೋವು ಕೊಡುವುದು ಬೇರೆ ವಿಷಯ. ಅದನ್ನು ಕಡೆಗಣಿಸಬಾರದು. ಎಷ್ಟೋ ಸಲ ಆ ಮಗುವೇ ಮನೆಯಲ್ಲಿ ಏಟು ತಿನ್ನುತ್ತಿರುತ್ತದೆ. ಹಾಗೆ ಏಟು ತಿಂದವರಲ್ಲೂ ಬಹುಪಾಲು ಮಂದಿ ಯಾರನ್ನೂ ಕೊಲ್ಲುವುದಿಲ್ಲ.

ಮೈಸೂರೂ ಸೇರಿದಂತೆ ಹಲವು ಊರುಗಳ ಬಸ್ ನಿಲ್ದಾಣಗಳಲ್ಲಿ ಹೆಂಗಸರಿಗೆ ಸೈನೈಡ್ ಕೊಟ್ಟು, ಒಡವೆ ದೋಚಿದ ಸರಣಿ ಕೊಲೆಗಾರ ಮೋಹನ್ ಕುಮಾರ್ ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದವನು. ಸಿಕ್ಕಿಬಿದ್ದದ್ದು 2009ರಲ್ಲಿ. ಇಂಥವರನ್ನು ಮೂರು ಲಕ್ಷಣ ನೋಡಿ ಮೊದಲೇ ಹಿಡಿಯೋಕೆ ಆಗಲ್ಲ.

ಮಗುವಿನ ನಡವಳಿಕೆ ಬಗ್ಗೆ ಚಿಂತೆಯಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.