ಎರಡು ಇರುವಿ ಸಿನಿಮಾ, ಒಂದು ಲಾಭದ ಮೂಟಿ

ಟ್ರೇಲರ್ ಬಂದು ಅರ್ಧ ತಾಸು ಆಗಿರಂಗಿಲ್ಲ, ಕೆಳಗ ಕಾಮೆಂಟ್‌ನ್ಯಾಗ ಶುರು, 'ಕಾಪಿ ಗುರು ಕಾಪಿ'. ನಮ್ಮ ಗಂಗಾವತಿ, ಸಿಂಧನೂರು ಕಡಿಯವ್ರಿಗಂತೂ ಇದ್ರಾಗ ಪಿಎಚ್‌ಡಿ ಕೊಡಬೇಕು, ತೆಲುಗು ಮಂದಿ ಇರೋ ಕ್ಯಾಂಪ್‌ನ ದೋಸ್ತರ ಜೊತಿ ತೆಲುಗು ಒರಿಜಿನಲ್ ಮೊದ್ಲ ನೋಡಿರ್ತೀವಿ, ಆಮ್ಯಾಗ ಅದು ಕನ್ನಡಕ್ಕ ಬಂದ್ರ ಇಂಟರ್‌ವಲ್ ಎಲ್ಲಿ ಬೀಳತೈತಿ ಅಂತ ಬಾಜೂದವಗ ಹೇಳ್ಕೋತ ಕುಂತಿರ್ತೀವಿ. ಆದ್ರ ರಿಮೇಕ್ ಕಳ್ಳತನ ಅಲ್ರಿ, ರೈಟ್ಸ್‌ಗೆ ರೊಕ್ಕ ಕೊಟ್ಟಿರ್ತಾರ. ಒಂದಾ ಐಡಿಯಾ ಇಬ್ಬರಿಗೆ ಹೊಳದ್ರೂ ಕಳ್ಳತನ ಅಲ್ಲ. ನನ್ನ ತಕರಾರು ಏನಪ ಅಂದ್ರ, ಖರೇ ಕಳ್ಳತನ ಸಿನಿಮಾ, ಸೀರಿಯಲ್‌ನೋರು ಬರಹಗಾರನ ಕಥಿ ಕೇಳೋ ರೂಮ್‌ನಾಗ ಆಗತೈತಿ, ಮಂದಿ ಬಯ್ಯೋದು ಮಾತ್ರ ಟ್ರೇಲರ್ ನೋಡಿ.

1998ರಾಗ ಹಾಲಿವುಡ್‌ನಾಗ ಎರಡು ಇರುವಿ ಸಿನಿಮಾ ಬಂದ್ವು. ಜೆಫ್ರಿ ಕ್ಯಾಟ್ಜೆನ್‌ಬರ್ಗ್ 1994ರಾಗ ಡಿಸ್ನಿಯಿಂದ ಜಗಳಾಡಿ ಹೊರಗ ಬಂದು ಡ್ರೀಮ್‌ವರ್ಕ್ಸ್ ಅನ್ನೋ ಸಿನಿಮಾ ಕಂಪನಿ ಕಟ್ಟಿದ್ದ, ಅನಿಮೇಷನ್ ಕಂಪನಿ ಪಿಕ್ಸಾರ್‌ನ ನಿರ್ದೇಶಕ ಜಾನ್ ಲ್ಯಾಸೆಟರ್ ಹಳೇ ಪರಿಚಯದ ಮ್ಯಾಲ ನಾವು ಹುಳದ ಸಿನಿಮಾ ಮಾಡಾಕತ್ತೀವಿ ಅಂತ ಅವನ ಮುಂದ ಹೇಳಿಬಿಟ್ಟಿದ್ದ. ಮುಂದ ನೋಡಿದ್ರ ಡ್ರೀಮ್‌ವರ್ಕ್ಸ್‌ದು 'ಆಂಟ್ಜ್', ಅದೂ ಅಕ್ಟೋಬರ್‌ನಾಗ, ಪಿಕ್ಸಾರ್‌ನ 'ಎ ಬಗ್ಸ್ ಲೈಫ್' ನವೆಂಬರ್‌ಗೆ. ನಮ್ಮ ಐಡಿಯಾ ನಮ್ಮದಾ, ಮೊದ್ಲಿಂದ ಇತ್ತು ಅಂತ ಕ್ಯಾಟ್ಜೆನ್‌ಬರ್ಗ್ ವಾದ. ಗಲ್ಲಾಪೆಟ್ಟಿಗಿ ಲೆಕ್ಕದಾಗ ಹಿಂದ ಬಂದದ್ದಾ ಗೆದ್ದಿತು, ಪಿಕ್ಸಾರ್‌ದು 36 ಕೋಟಿ ಡಾಲರ್ ಮ್ಯಾಲ, 'ಆಂಟ್ಜ್' 17 ಕೋಟಿ ಚಿಲ್ಲರ. ಆದ್ರ ಅಂಥ ದೊಡ್ಡ ಕಂಪನಿ ಸೋತ್ರೂ ತಿರುಗಿ ನಿಲ್ಲತೈತಿ.

ನಮ್ಮ ದೇಶದಾಗ ಆರ್.ಜಿ. ಆನಂದ್ ಅಂತ ನಾಟಕಕಾರ ಇದ್ರು, 'ಹಮ್ ಹಿಂದೂಸ್ತಾನಿ' ಅನ್ನೋ ನಾಟಕ ಬರದಿದ್ರು. ಸಿನಿಮಾದವ್ರಿಗೆ ಕುಂತು ಪೂರ್ತಿ ಓದಿ ಹೇಳಿದ್ರು. 1956ರಾಗ 'ನ್ಯೂ ಡೆಲ್ಲಿ' ಸಿನಿಮಾ ಬಂತು, ಅದ್ರಾಗೂ ಪಂಜಾಬಿ ಹುಡುಗ, ಮದ್ರಾಸಿ ಹುಡುಗಿ, ಪ್ರಾಂತ್ಯದ ಜಗಳ. ಕೇಸು ಸುಪ್ರೀಂ ಕೋರ್ಟ್ ತನಕ ಹೋಗಿ 1978ರಾಗ ಆನಂದ್ ಸೋತ್ರು. ಐಡಿಯಾಕ್ಕ, ವಿಷಯಕ್ಕ ಕಾಪಿರೈಟ್ ಇಲ್ಲ, ಹೇಳೋ ರೀತಿಗೆ ಮಾತ್ರ ಐತಿ, ಎರಡೂ ನೋಡಿದ ಮನಿಷಾಗ ಇದು ನಕಲು ಅಂತ ಖಾತ್ರಿ ಅನ್ನಿಸಬೇಕು ಅಂತ ಕೋರ್ಟ್ ಅಂತು. ಕಾನೂನು ಸರಿನಾ ಐತಿ ಬಿಡ್ರಿ, ಇಲ್ಲಂದ್ರ ಅಣ್ಣ ತಮ್ಮರ ಕಥಿ ಮೊದ್ಲ ಬರದವ ಎಲ್ಲಾರ ಕಡಿಂದ ಕಂದಾಯ ವಸೂಲಿ ಮಾಡ್ಕೋತ ಕುಂದರತಿದ್ದ. ಆದ್ರ ಅದಾ ಮಾತನ್ನ ದೊಡ್ಡವ್ರು ಹೆಂಗ ಬಳಸ್ತಾರ?

ಟಿವಿ ಚಾನೆಲ್‌ನೋರ ಹಣಿಬರಹ ಗುರುವಾರ ಬರೋ ಟಿಆರ್‌ಪಿ ಮ್ಯಾಲ ಐತಿ. ಹೊಸದು ಹಾಕಿ ಸೋತ್ರ ನೌಕರಿಗೆ ಕುತ್ತು, ಎದುರಿನವ್ರು ಹಾಕಿದ್ದನ್ನಾ ಹಾಕಿ ಸೋತ್ರ ಮಾರ್ಕೆಟ್ ಡಲ್ ಐತಿ ಅಂದ್ರ ಮುಗೀತು. ಬನಶಂಕರಿ ಜಾತ್ರ್ಯಾಗ ಸಾಲಾಗಿ ಟೆಂಟ್ ಹಾಕೋ ನಾಟಕ ಕಂಪನಿಗಳೂ ಹಿಂಗಾ, ಇಲ್ಲಿ ಸೀಟಿ ಬಿದ್ದ ಕಾಮಿಡಿ ನಾಳೆ ಬಾಜೂ ಟೆಂಟ್‌ನಾಗ. ಅದಕ್ಕ ನಂಗ ಸಿಟ್ಟಿಲ್ಲ, ಅಲ್ಲಿ ಇಬ್ಬರೂ ಬಡವ್ರು.

ಸಿಟ್ಟು ಬರೋದು ಕಾರಟಗಿಯ ನನ್ನ ದೋಸ್ತನ ಕಥಿಗೆ. ರೈಸ್ ಮಿಲ್‌ನ್ಯಾಗ ಲೆಕ್ಕ ಬರೆಯೋ ಹುಡುಗಿ ಮ್ಯಾಲ ಒಂದು ಸೀರಿಯಲ್ ಕಥಿ ಮಾಡಿ ಬೆಂಗಳೂರಾಗ ಒಬ್ಬರ ಮುಂದ ಎರಡು ತಾಸು ಹೇಳಿ ಬಂದಿದ್ದ. 'ಹೇಳ್ತೀವಿ' ಅಂದ್ರು, ಫೋನ್ ಎತ್ತೋದು ಬಿಟ್ರು. ಆಮ್ಯಾಗ ಒಂದಿನ ಪ್ರೋಮೋ ಬಂತು. ಮಿಲ್ಲು, ಹುಡುಗಿ, ಲೆಕ್ಕ ಎಲ್ಲಾ ಯಾರಿಗರ ಹೊಳಿಬಹುದು, ಒಪ್ಪಿದೆ. ಆದ್ರ ಹಮಾಲ ಮೂಟಿ ಎಣಿಸುವಾಗ 'ಒಂದು' ಅನ್ನಲಾರದ 'ಲಾಭ' ಅಂತ ಶುರು ಮಾಡ್ತಾನ, ಹುಡುಗಿ ಆ ಲಾಭದ ಮೂಟಿನಾ ಬ್ಯಾರೆ ಬರ್ಕೊಂಡು ಮಾಲೀಕನ ಮೋಸ ಹಿಡೀತಾಳ. ಆ ಸೀನ್ ಇದ್ದದ್ದು ಇದ್ದಂಗ ಅಲ್ಲಿತ್ತು. ಕೇಳಿದ್ರ 'ಐಡಿಯಾ ಯಾರಪ್ಪಂದೂ ಅಲ್ಲ ಬ್ರದರ್' ಅಂದ್ರಂತ. ಅದು ಐಡಿಯಾ ಅಲ್ಲಲೇ, ನನ್ನ ದೋಸ್ತನ ಅಪ್ಪ ಮಿಲ್‌ನ್ಯಾಗ ಬೆನ್ನು ಬಗ್ಗಿಸಿ ಎಣಿಸಿದ್ದು!

ಕೇಸ್ ಹಾಕಾಕ ಇವನ ಹತ್ರ ಒಂದು ಹಾಳಿ ಇಲ್ಲ, ಎಲ್ಲಾ ಬಾಯಾಗ ಹೇಳಿದ್ದು. ಈಗ ಇನ್ನೊಂದು ಕಥಿ ಹಿಡ್ಕೊಂಡು ಹೊಂಟಾನ. ಮೊದ್ಲ ಪೂರ್ತಿ ಬರಿ, ಮೇಲ್ ಮಾಡು, ಆಮ್ಯಾಗ ಬಾಯಿ ಬಿಡು ಅಂತ ಹೇಳೀನಿ. 'ಹಂಗ ಮೇಲ್ ಮಾಡಿದ್ರ ಒಳಗಾ ಬಿಟ್ಕೊಳ್ಳಂಗಿಲ್ಲೋ ಮಾರಾಯಾ' ಅಂತಾನ.